ಆ್ಯಂಟಿಸೈಕೋಟಿಕ್ ಔಷಧಗಳ ಅಡ್ಡ ಪರಿಣಾಮಗಳು ಮತ್ತು ಮೆದುಳಿನ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಭ್ರಮೆ ಹುಟ್ಟಿಸುವ, ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೀನಿಯಾ ಎಂಬ ಮನೋರೋಗಕ್ಕೆ, ಆ ಲಕ್ಷಣಗಳನ್ನು ತಗ್ಗಿಸುವ ಆ್ಯಂಟಿಸೈಕೋಟಿಕ್ ಮಾತ್ರೆ ಅಥವಾ ಇಂಜೆಕ್ಷನ್ ಅನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರು ಮತ್ತು ಅವರ ಮನೆಯವರು ಮನೋವೈದ್ಯರನ್ನು ಕೇಳುವ ಪ್ರಶ್ನೆಗಳಲ್ಲಿ ಮೆದುಳಿಗೆ ಸಂಬಂಧಿಸಿದವೇ ಹೆಚ್ಚು. ಕೈ ನಡುಗುವುದು ಏಕೆ, ಈ ಔಷಧ ಮೆದುಳನ್ನು ಕುಗ್ಗಿಸುತ್ತದೆಯೇ, ಒಂದು ಸ್ಕ್ಯಾನ್ ಮಾಡಿಸಿದರೆ ಎಲ್ಲವೂ ತಿಳಿದೀತೇ ಎಂಬ ಪ್ರಶ್ನೆಗಳಿಗೆ ಕಳೆದ ನಾಲ್ಕು ದಶಕಗಳ ಸಂಶೋಧನೆ ಕೊಟ್ಟಿರುವ ಉತ್ತರಗಳನ್ನು ಇಲ್ಲಿ ವಿವರಿಸಲಾಗಿದೆ.

ಅಡ್ಡ ಪರಿಣಾಮವನ್ನು ಸ್ಕ್ಯಾನ್‌ನಲ್ಲಿ ನೇರವಾಗಿ ನೋಡಬಹುದೇ?

ಬಹುಮಟ್ಟಿಗೆ ಇಲ್ಲ. ಕೈನಡುಕ, ಸ್ನಾಯುಗಳ ಬಿಗಿತ, ಕುಳಿತಲ್ಲಿ ಕೂರಲಾಗದ ಚಡಪಡಿಕೆ ಇವೆಲ್ಲ ವ್ಯಕ್ತಿಯ ದೇಹದಲ್ಲಿ ಕಾಣುವಂಥವು. ಅವನ್ನು ಗುರುತಿಸುವುದು ಎದುರಿಗೆ ಕುಳಿತು ಪರೀಕ್ಷಿಸುವ ವೈದ್ಯರು. ಆ ಪರಿಣಾಮ ಯಾವ ಕಾರಣಕ್ಕೆ ಹುಟ್ಟುತ್ತದೆ, ಎಷ್ಟು ಪ್ರಮಾಣದ ಔಷಧಕ್ಕೆ ಹುಟ್ಟುತ್ತದೆ, ಒಂದು ಔಷಧದಲ್ಲಿ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾಗಿ ಏಕೆ ಕಾಣುತ್ತದೆ ಎಂಬುದನ್ನು ಸ್ಕ್ಯಾನ್ ಹೇಳುತ್ತದೆ. ಅದೂ ಬಹುತೇಕ ಸಂದರ್ಭಗಳಲ್ಲಿ ಒಂದು ಗುಂಪಿನ ಸರಾಸರಿಯಾಗಿ ಹೇಳುತ್ತದೆಯೇ ಹೊರತು ಒಬ್ಬ ವ್ಯಕ್ತಿಯ ತೀರ್ಪಾಗಿ ಅಲ್ಲ. ಮುಂದಿನ ಎಲ್ಲ ಉತ್ತರಗಳನ್ನೂ ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಲಿ.

ಯಾವ ಯಂತ್ರ ಏನನ್ನು ತೋರಿಸುತ್ತದೆ?

ಎಂಆರ್‌ಐ ಯಂತ್ರವು ಪ್ರಬಲ ಕಾಂತಕ್ಷೇತ್ರವನ್ನು ಬಳಸಿ ಮೆದುಳಿನ ರಚನೆಯನ್ನು, ಅಂದರೆ ಬೂದು ಭಾಗದ ಗಾತ್ರ, ಹೊರಪದರದ ದಪ್ಪ, ಒಳಗಿನ ದ್ರವಕೋಶಗಳ ಅಗಲ ಇವನ್ನು ತೋರಿಸುತ್ತದೆ. ಅದೇ ಯಂತ್ರದಿಂದ ಮಾಡುವ ಫಂಕ್ಷನಲ್ ಎಂಆರ್‌ಐ ರಕ್ತದ ಆಮ್ಲಜನಕದಲ್ಲಾಗುವ ಏರಿಳಿತವನ್ನು ಹಿಡಿದು, ಯಾವ ಭಾಗ ಯಾವಾಗ ಹೆಚ್ಚು ಕೆಲಸ ಮಾಡುತ್ತಿದೆ ಎಂಬುದನ್ನು ಪರೋಕ್ಷವಾಗಿ ಸೂಚಿಸುತ್ತದೆ. ಪೆಟ್ ಮತ್ತು ಸ್ಪೆಕ್ಟ್ ಇವೆರಡರ ದಾರಿ ಬೇರೆ. ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ರಕ್ತನಾಳಕ್ಕೆ ಸೇರಿಸಿ, ಅದು ಮೆದುಳಿನಲ್ಲಿ ಎಲ್ಲಿ ಹೋಗಿ ಕುಳಿತಿತು ಎಂಬುದನ್ನು ಅವು ಎಣಿಸುತ್ತವೆ. ಔಷಧವು ಮೆದುಳಿನ ಯಾವ ಗ್ರಾಹಕವನ್ನು (ಕೋಶದ ಮೇಲಿದ್ದು ರಾಸಾಯನಿಕ ಸಂದೇಶವನ್ನು ಪಡೆಯುವ ಪ್ರೋಟೀನ್) ಎಷ್ಟು ಹಿಡಿದುಕೊಂಡಿದೆ ಎಂದು ಜೀವಂತ ಮನುಷ್ಯರಲ್ಲಿ ಅಳೆಯಲು ಸಾಧ್ಯವಾದದ್ದು ಈ ಎರಡು ವಿಧಾನಗಳಿಂದಲೇ.

‘ಗ್ರಾಹಕಗಳು ಶೇ 70ರಷ್ಟು ತುಂಬಿವೆ’ ಎಂಬ ಮಾತಿನ ಅರ್ಥವೇನು? ಅದನ್ನು ಹೇಗೆ ಅಳೆಯುತ್ತಾರೆ?

ಮೊದಲ ಆ್ಯಂಟಿಸೈಕೋಟಿಕ್ ಆದ ಕ್ಲೋರ್‌ಪ್ರೊಮಜಿನ್ 1952ರಲ್ಲಿ ಪ್ಯಾರಿಸ್‌ನಲ್ಲಿ ಮನೋರೋಗ ಚಿಕಿತ್ಸೆಗೆ ಬಂದಾಗ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1963ರಲ್ಲಿ, ಈ ಔಷಧಗಳು, ಮೆದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್‌ನಂಥ ರಾಸಾಯನಿಕಗಳ ಗ್ರಾಹಕಗಳಿಗೆ ತಡೆಯೊಡ್ಡುತ್ತವೆ ಎಂಬ ವಿಚಾರವನ್ನು ಮುಂದಿಟ್ಟರು. ಎಪ್ಪತ್ತರ ದಶಕದ ನಡುವಿಗೆ ಫಿಲಿಪ್ ಸೀಮನ್ ಮತ್ತಿತರರು, ಡೋಪಮಿನ್‌ನ ಡಿ2 ಗ್ರಾಹಕಕ್ಕೆ ಯಾವ ಔಷಧ ಗಟ್ಟಿಯಾಗಿ ಅಂಟಿಕೊಳ್ಳುತ್ತದೋ ಅದು ಅಷ್ಟು ಕಡಿಮೆ ಮಿಲಿಗ್ರಾಂನಲ್ಲಿ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟರು. ಆದರೆ ಇವೆಲ್ಲ ಪ್ರಾಣಿಗಳಲ್ಲಿ ಮತ್ತು ಪ್ರಯೋಗಾಲಯದ ಅಂಗಾಂಶದಲ್ಲಿ ಕಂಡ ಸಂಗತಿಗಳಾಗಿದ್ದವು.

ಎಂಬತ್ತರ ದಶಕದಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತು ಸಂಗಡಿಗರು ಪೆಟ್ ಮೂಲಕ ಇದನ್ನು ರೋಗಿಗಳಲ್ಲೇ ಅಳೆದರು. ವಿಧಾನ ಹೀಗಿದೆ. ರಾಕ್ಲೊಪ್ರೈಡ್ ಎಂಬ ವಸ್ತು ಡಿ2 ಗ್ರಾಹಕಕ್ಕೆ ಅಂಟುತ್ತದೆ. ಅದಕ್ಕೆ ಕಾರ್ಬನ್-11 ಎಂಬ ವಿಕಿರಣಶೀಲ ಪರಮಾಣುವನ್ನು ಜೋಡಿಸುತ್ತಾರೆ. ಕಾರ್ಬನ್-11ರ ಅರ್ಧಾಯುಷ್ಯ (ಅದು ಅರ್ಧಕ್ಕಿಳಿಯಲು ಬೇಕಾದ ಸಮಯ) ಸುಮಾರು 20 ನಿಮಿಷ ಮಾತ್ರ. ಆದ್ದರಿಂದ ಅದನ್ನು ಸ್ಕ್ಯಾನ್ ನಡೆಯುವ ಆವರಣದಲ್ಲೇ ಕಣಗಳನ್ನು ವೇಗಗೊಳಿಸುವ ಯಂತ್ರವಾದ ಸೈಕ್ಲೋಟ್ರಾನ್‌ನಲ್ಲಿ ತಯಾರಿಸಿ, ಶುದ್ಧೀಕರಿಸಿ, ಪರೀಕ್ಷಿಸಿ, ತಡಮಾಡದೆ ಪಕ್ಕದ ಕೋಣೆಗೆ ತಂದು ಚುಚ್ಚಬೇಕಾಗುತ್ತದೆ. ಸ್ಕ್ಯಾನ್‌ನಲ್ಲಿ ಮಲಗಿರುವ ವ್ಯಕ್ತಿ ಯಾವ ಆ್ಯಂಟಿಸೈಕೋಟಿಕ್ ಅನ್ನೂ ತೆಗೆದುಕೊಳ್ಳದಿದ್ದರೆ ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗ ಚಿತ್ರದಲ್ಲಿ ಪ್ರಖರವಾಗಿ ಬೆಳಗುತ್ತದೆ, ಏಕೆಂದರೆ ಡಿ2 ಗ್ರಾಹಕಗಳು ಅಲ್ಲಿ ದಟ್ಟವಾಗಿವೆ. ಔಷಧ ತೆಗೆದುಕೊಂಡವರಲ್ಲಿ ಆ ಜಾಗಗಳನ್ನು ಔಷಧ ಮೊದಲೇ ಹಿಡಿದುಕೊಂಡಿರುವುದರಿಂದ ರಾಕ್ಲೊಪ್ರೈಡ್‌ಗೆ ಉಳಿಯುವ ಜಾಗ ಕಡಿಮೆಯಾಗಿ ಬೆಳಕು ಮಸುಕಾಗುತ್ತದೆ. ಎಷ್ಟು ಮಸುಕಾಯಿತು ಎಂಬ ಲೆಕ್ಕವೇ ‘ಗ್ರಾಹಕ ಭರ್ತಿ’ಯ ಶೇಕಡಾವಾರು. ಮೊದಲಿನಿಂದಲೂ ಔಷಧದ ಮೇಲಿರುವ ವ್ಯಕ್ತಿಯಲ್ಲಿ ಔಷಧವಿಲ್ಲದ ಸ್ಥಿತಿಯ ಸ್ಕ್ಯಾನ್ ಲಭ್ಯವಿರುವುದಿಲ್ಲವಾದ್ದರಿಂದ ಬೇರೆ ವ್ಯಕ್ತಿಗಳ ಸರಾಸರಿಯೊಂದಿಗೆ ಹೋಲಿಸಬೇಕಾಗುತ್ತದೆ. ಈ ಅಂಕಿಗಳಲ್ಲಿ ಸ್ವಲ್ಪ ಅನಿಶ್ಚಿತತೆ ಉಳಿಯಲು ಇದೊಂದು ಕಾರಣ.

ಚಲನೆಯ ತೊಂದರೆಗಳಿಗೂ ಈ ಶೇಕಡಾವಾರಿಗೂ ಏನು ಸಂಬಂಧ?

ಈ ಕ್ಷೇತ್ರದಲ್ಲಿ ಚಿಕಿತ್ಸೆಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದ ಶೋಧ ಇದು. ಫಾರ್ಡೆ ತಂಡ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ತಲೆಮಾರಿನ ಔಷಧಗಳನ್ನು ಮಾಮೂಲಿ ಪ್ರಮಾಣದಲ್ಲಿ ಪಡೆಯುತ್ತಿದ್ದವರ ಡಿ2 ಗ್ರಾಹಕಗಳು ಶೇ 70ರಿಂದ 89ರಷ್ಟು ತುಂಬಿದ್ದವು. ಅವರಲ್ಲೇ ನಡುಕ, ಬಿಗಿತ ಮೊದಲಾದ ತೊಂದರೆ ಇದ್ದವರ ಸರಾಸರಿ ಶೇ 82 ಇದ್ದರೆ, ಇಲ್ಲದವರದು ಶೇ 74 ಇತ್ತು. ಟೊರಾಂಟೊದಲ್ಲಿ ಶಿತಿಜ್ ಕಪೂರ್ ಮತ್ತು ಸಂಗಡಿಗರು 2000ದಲ್ಲಿ, ಮೊದಲ ಬಾರಿಗೆ ಕಾಯಿಲೆಯಾದ 22 ಮಂದಿಗೆ ಹ್ಯಾಲೋಪೆರಿಡಾಲ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಟ್ಟು, ವೈದ್ಯರಿಗೂ ರೋಗಿಗೂ ಪ್ರಮಾಣ ತಿಳಿಯದಂತೆ ನೋಡಿಕೊಂಡು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಭರ್ತಿ ಶೇ 65 ದಾಟಿದ ಮೇಲೆ ಕಾಯಿಲೆಯ ಲಕ್ಷಣಗಳು ಇಳಿಯುವ ಸಾಧ್ಯತೆ ಹೆಚ್ಚಿತು, ಶೇ 72 ದಾಟಿದಾಗ ಎದೆಹಾಲಿಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುವ ಸಾಧ್ಯತೆ ಹೆಚ್ಚಿತು, ಶೇ 78 ದಾಟಿದಾಗ ಚಲನೆಯ ತೊಂದರೆಗಳ ಸಾಧ್ಯತೆ ಹೆಚ್ಚಿತು.

ಈ ಮೂರು ಅಂಕಿಗಳ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಗುಣ ಕಾಣುವ ಗಡಿಗೂ ತೊಂದರೆ ಶುರುವಾಗುವ ಗಡಿಗೂ ನಡುವೆ ಇರುವ ಅಂತರ ಕಿರಿದು, ಆದರೆ ಅಂತರ ಇದೆ. ಹ್ಯಾಲೋಪೆರಿಡಾಲ್‌ನಂಥ ಔಷಧದಲ್ಲಿ ದಿನಕ್ಕೆ 2 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣವೇ ಅನೇಕರಲ್ಲಿ ಶೇ 65ರ ಆಸುಪಾಸಿಗೆ ತಲುಪಿಸುತ್ತದೆ. ಒಂದು ಕಾಲದಲ್ಲಿ ದಿನಕ್ಕೆ ಹತ್ತಾರು ಮಿಲಿಗ್ರಾಂ ಕೊಡುವುದು ರೂಢಿಯಲ್ಲಿತ್ತು. ಗ್ರಾಹಕಗಳು ಬಹುಪಾಲು ತುಂಬಿದ ಮೇಲೆ ಪ್ರಮಾಣವನ್ನು ಎರಡು ಪಟ್ಟು ಮಾಡಿದರೂ ಭರ್ತಿ ಏರುವುದು ಕೆಲವೇ ಶೇಕಡಾ. ಆ ಕೆಲವು ಶೇಕಡಾ ತರುವುದು ಗುಣಕ್ಕಿಂತ ಹೆಚ್ಚಾಗಿ ಕಷ್ಟವನ್ನು. ಮೆದುಳಿನ ಸ್ಕ್ಯಾನ್ ಸಂಶೋಧನೆಯಿಂದ ರೋಗಿಗಳಿಗೆ ಆದ ಅತಿ ದೊಡ್ಡ ಉಪಕಾರ, ‘ಸಾಕಾಗುವಷ್ಟು ಕಡಿಮೆ’ ಎಂಬ ಪ್ರಮಾಣಕ್ಕೆ ಅದು ಒದಗಿಸಿದ ಆಧಾರವೆಂದೇ ಹೇಳಬೇಕು. ಆದರೂ ಶೇ 65 ದಾಟಿದ ಎಲ್ಲರೂ ಗುಣವಾಗುವುದಿಲ್ಲ, ಶೇ 78 ದಾಟಿದ ಎಲ್ಲರಿಗೂ ನಡುಕ ಬರುವುದಿಲ್ಲ.

ಹಾಗಿದ್ದರೆ ಕ್ಲೋಜಪಿನ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್ ಏಕೆ ಈ ಲೆಕ್ಕಕ್ಕೆ ಸಿಗುವುದಿಲ್ಲ?

ಫಾರ್ಡೆಯವರ ಅದೇ ಅಧ್ಯಯನದಲ್ಲಿ ಕ್ಲೋಜಪಿನ್ ಪಡೆಯುತ್ತಿದ್ದವರ ಡಿ2 ಭರ್ತಿ ಶೇ 38ರಿಂದ 63 ಮಾತ್ರ ಇತ್ತು. ಬೇರೆ ಔಷಧಗಳಿಗೆ ಬಗ್ಗದ ಕಾಯಿಲೆಗೆ ಅತ್ಯಂತ ಪರಿಣಾಮಕಾರಿಯಾದ ಔಷಧ ಅದೇ. ಅದರಿಂದ ಚಲನೆಯ ತೊಂದರೆಗಳು ಬಹಳ ಕಡಿಮೆ ಏಕೆ ಎಂಬುದನ್ನು ಈ ಕಡಿಮೆ ಭರ್ತಿ ವಿವರಿಸುತ್ತದೆ, ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದೇಕೆ ಎಂಬುದನ್ನು ವಿವರಿಸುವುದಿಲ್ಲ. ಕ್ಲೋಜಪಿನ್ ಮತ್ತು ಕ್ವೆಟಿಯಾಪಿನ್ ಗ್ರಾಹಕಕ್ಕೆ ಸಡಿಲವಾಗಿ ಅಂಟಿ ಬೇಗನೆ ಬಿಟ್ಟುಬಿಡುತ್ತವೆ, ಹಾಗಾಗಿ ಸಹಜ ಡೋಪಮಿನ್‌ಗೂ ಆಗಾಗ ಅವಕಾಶ ಸಿಗುತ್ತದೆ ಎಂಬುದು ಕಪೂರ್ ಮತ್ತು ಸೀಮನ್ 2001ರಲ್ಲಿ ಮುಂದಿಟ್ಟ ವಾದ. ಅರಿಪಿಪ್ರಜೋಲ್‌ನ ಕಥೆ ತಿರುವುಮುರುವು. ಅದು ಶೇ 80, 90ರಷ್ಟು ಗ್ರಾಹಕಗಳನ್ನು ಹಿಡಿದಿದ್ದರೂ ನಡುಕ, ಬಿಗಿತ ಅಷ್ಟಾಗಿ ಕಾಣಿಸುವುದಿಲ್ಲ. ಅದು ಗ್ರಾಹಕವನ್ನು ಪೂರ್ತಿ ಮುಚ್ಚದೆ, ತಾನೇ ಅದನ್ನು ಸ್ವಲ್ಪ ಮಟ್ಟಿಗೆ ಚಾಲೂ ಇಡುತ್ತದೆ. ಆದ್ದರಿಂದ ಭರ್ತಿಯ ಅಂಕಿಯನ್ನು ಔಷಧದ ಸ್ವಭಾವದಿಂದ ಬೇರ್ಪಡಿಸಿ ಓದುವಂತಿಲ್ಲ.

ಮುಟ್ಟು ನಿಲ್ಲುವುದು, ಎದೆಯಲ್ಲಿ ಹಾಲು ಬರುವುದು, ಲೈಂಗಿಕ ಆಸಕ್ತಿ ಕುಂದುವುದು ಇವುಗಳಿಗೆ ಮೆದುಳಿನ ಸ್ಕ್ಯಾನ್ ಬೇಕೇ?

ಸಾಮಾನ್ಯವಾಗಿ ಮೊದಲು ಬೇಕಾಗಿರುವುದು ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಪ್ರಮಾಣದ ಪರೀಕ್ಷೆ. ಪ್ರೊಲ್ಯಾಕ್ಟಿನ್ ಬಿಡುಗಡೆಯನ್ನು ಡೋಪಮಿನ್ ಹಿಡಿತದಲ್ಲಿಡುತ್ತದೆ. ಔಷಧ ಆ ಹಿಡಿತವನ್ನು ಸಡಿಲಿಸಿದಾಗ ಅದು ಏರುತ್ತದೆ. ಪ್ರೊಲ್ಯಾಕ್ಟಿನ್ ಸುರಿಸುವ ಪಿಟ್ಯುಟರಿ ಗ್ರಂಥಿ, ಮೆದುಳನ್ನು ರಕ್ತದಿಂದ ಕಾಯುವ ತಡೆಗೋಡೆಯ ಹೊರಗಿರುವುದರಿಂದ, ಮೆದುಳಿನೊಳಗೆ ಸುಲಭವಾಗಿ ನುಗ್ಗದ ಔಷಧವೂ ಅಲ್ಲಿ ಬಲವಾಗಿ ಕೆಲಸ ಮಾಡಬಹುದು. ರಿಸ್ಪೆರಿಡೋನ್ ಮತ್ತು ಅಮಿಸಲ್‌ಪ್ರೈಡ್‌ನಲ್ಲಿ ಈ ತೊಂದರೆ ಹೆಚ್ಚು. ಪ್ರೊಲ್ಯಾಕ್ಟಿನ್ ತೀರಾ ಹೆಚ್ಚಾಗಿದ್ದರೆ, ದೃಷ್ಟಿ ಮಸುಕಾಗುವುದು ಅಥವಾ ಬಿಡದ ತಲೆನೋವು ಜೊತೆಗಿದ್ದರೆ, ಪಿಟ್ಯುಟರಿಯಲ್ಲಿ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸುತ್ತಾರೆ. ಸಂಕೋಚದಿಂದ ಈ ತೊಂದರೆಗಳನ್ನು ಹೇಳದೆ ಉಳಿಯುವವರು ಬಹಳ ಮಂದಿ ಇದ್ದಾರೆ. ಹೇಳಿದರೆ ಔಷಧ ಬದಲಿಸಿಯೋ ಪ್ರಮಾಣ ಹೊಂದಿಸಿಯೋ ಪರಿಹರಿಸಬಹುದಾದ ತೊಂದರೆ ಇದು.

ಮಾತ್ರೆ ಶುರುವಾದ ಮೇಲೆ ಯಾವುದರಲ್ಲೂ ಸಂತೋಷವಿಲ್ಲ, ಮನಸ್ಸು ಮಂಕಾಗಿದೆ ಎಂದರೆ ಅದು ಕಾಯಿಲೆಯೋ ಔಷಧವೋ?

ಎರಡೂ ಇರಬಹುದು. ಸ್ಕ್ಯಾನ್‌ಗಳು ಇದನ್ನು ಸಂಶೋಧನೆಯ ಮಟ್ಟದಲ್ಲಿ ದೃಢಪಡಿಸಿವೆ. ಬಹುಮಾನ ಸಿಗಲಿದೆ ಎಂಬ ನಿರೀಕ್ಷೆಯಲ್ಲಿ ಸ್ಟ್ರಯೇಟಮ್‌ನ ಕೆಳಭಾಗ ಚುರುಕಾಗುವುದು ಸಹಜ. ಇನ್ನೂ ಔಷಧವನ್ನೇ ತೆಗೆದುಕೊಳ್ಳದ ರೋಗಿಗಳಲ್ಲೂ ಈ ಚುರುಕು ಕಡಿಮೆ ಇರುವುದನ್ನು ಫಂಕ್ಷನಲ್ ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಇನ್ನೊಂದು ಕಡೆ, ಪೆಟ್ ಮತ್ತು ಸ್ಪೆಕ್ಟ್ ಅಧ್ಯಯನಗಳಲ್ಲಿ ಡಿ2 ಭರ್ತಿ ಏರಿದಷ್ಟೂ ರೋಗಿಗಳು ತಮ್ಮ ಅನುಭವವನ್ನು ಹೆಚ್ಚು ಅಹಿತಕರವೆಂದು ಹೇಳಿದ್ದಾರೆ. ‘ಕಾಯಿಲೆಯೇ ಹಾಗೆ’ ಎಂದು ರೋಗಿಯ ದೂರನ್ನು ಬದಿಗೊತ್ತುವುದು ಈ ಅಧ್ಯಯನಗಳ ಬೆಳಕಿನಲ್ಲಿ ತಪ್ಪಾಗುತ್ತದೆ. ಪ್ರಮಾಣ ಹೆಚ್ಚಾಗಿದೆಯೇ ಎಂದು ಪರಿಶೀಲಿಸುವುದು ಆ ದೂರಿಗೆ ಸಲ್ಲಬೇಕಾದ ಮೊದಲ ಮರ್ಯಾದೆ.

ಬಾಯಿ, ನಾಲಿಗೆ ತಾವಾಗಿಯೇ ಚಲಿಸುವ ಟಾರ್ಡಿವ್ ಡಿಸ್ಕೈನೀಸಿಯಾ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆಯೇ?

ಇಲ್ಲ. ಅದನ್ನು ಕಣ್ಣಿನಿಂದ ನೋಡಿ, ನಿಗದಿತ ಮಾಪಕದಲ್ಲಿ ಅಂಕ ಕೊಟ್ಟು ಗುರುತಿಸುತ್ತಾರೆ. ದೀರ್ಘಕಾಲ ತಡೆಗೊಳಗಾದ ಡಿ2 ಗ್ರಾಹಕಗಳು ಸಂಖ್ಯೆಯಲ್ಲಿ ಹೆಚ್ಚಿ, ಡೋಪಮಿನ್‌ಗೆ ಅತಿಯಾಗಿ ಸ್ಪಂದಿಸತೊಡಗುತ್ತವೆ ಎಂಬುದು ಬಹುಕಾಲದ ವಿವರಣೆ. ವರ್ಷಗಟ್ಟಲೆ ಔಷಧ ಪಡೆದು ತಾತ್ಕಾಲಿಕವಾಗಿ ನಿಲ್ಲಿಸಿದವರಲ್ಲಿ ಗ್ರಾಹಕಗಳು ಹೆಚ್ಚಿರುವುದನ್ನು ಸಣ್ಣ ಪೆಟ್ ಅಧ್ಯಯನವೊಂದು ಕಂಡಿದೆ. ಆದರೆ ಎಲ್ಲ ಅನೈಚ್ಛಿಕ ಚಲನೆಯನ್ನೂ ಔಷಧದ ತಲೆಗೇ ಕಟ್ಟಲಾಗುವುದಿಲ್ಲ. ಚೆನ್ನೈನಲ್ಲಿ ಸಂಶೋಧಕರು, ಎಂದೂ ಚಿಕಿತ್ಸೆ ಪಡೆಯದೆ ವರ್ಷಗಳನ್ನು ಕಳೆದಿದ್ದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಪರೀಕ್ಷಿಸಿದಾಗ ಅವರಲ್ಲೂ ಕೆಲವರಲ್ಲಿ ಇಂಥ ಚಲನೆಗಳು ಕಂಡವು. ಔಷಧ ಈ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಕಾಯಿಲೆಯಲ್ಲೇ ಅದರ ಬೀಜವೂ ಇರುತ್ತದೆ ಎಂಬುದೂ ನಿಜ. ಚಿಕಿತ್ಸೆಯ ವಿಷಯದಲ್ಲಿ ಹೇಳುವುದಾದರೆ, ವಾಲ್ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್ ಎಂಬ ಎರಡು ಔಷಧಗಳಿಗೆ 2017ರಲ್ಲಿ ಅಮೆರಿಕದಲ್ಲಿ ಈ ತೊಂದರೆಗಾಗಿಯೇ ಅನುಮತಿ ದೊರೆಯಿತು.

ನಡುಕ ಔಷಧದಿಂದ ಬಂದದ್ದೋ ನಿಜವಾದ ಪಾರ್ಕಿನ್‌ಸನ್ ಕಾಯಿಲೆಯೋ ಎಂದು ತಿಳಿಯಬಹುದೇ?

ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಸ್ಕ್ಯಾನ್ ನಿಜವಾಗಿಯೂ ನೆರವಾಗುವ ಅಪರೂಪದ ಪ್ರಶ್ನೆ ಇದು. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳೇ ನಶಿಸುತ್ತವೆ. ಔಷಧಜನ್ಯ ನಡುಕದಲ್ಲಿ ಆ ಕೋಶಗಳು ಸುರಕ್ಷಿತವಾಗಿರುತ್ತವೆ. ಅವು ಕಳಿಸಿದ ಸಂದೇಶವನ್ನು ಪಡೆಯುವ ಗ್ರಾಹಕಗಳಿಗಷ್ಟೇ ತಡೆ ಇರುತ್ತದೆ. ಐಯೋಫ್ಲುಪೇನ್ ಎಂಬ ವಸ್ತು ಕೋಶದ ತುದಿಯಲ್ಲಿರುವ, ಡೋಪಮಿನ್ ಅನ್ನು ಮರಳಿ ಒಳಗೆ ಎಳೆದುಕೊಳ್ಳುವ ಪ್ರೋಟೀನ್‌ಗೆ ಅಂಟುತ್ತದೆ. ಅದನ್ನು ಬಳಸಿ ಮಾಡುವ ಸ್ಪೆಕ್ಟ್ ಸ್ಕ್ಯಾನ್‌ನಲ್ಲಿ ಔಷಧಜನ್ಯ ನಡುಕವಿರುವವರ ಸ್ಟ್ರಯೇಟಮ್ ಎರಡೂ ಬದಿಗಳಲ್ಲಿ ಅಲ್ಪವಿರಾಮ ಚಿಹ್ನೆಯ ಆಕಾರದಲ್ಲಿ ತುಂಬಿ ಕಾಣುತ್ತದೆ. ಪಾರ್ಕಿನ್‌ಸನ್‌ನಲ್ಲಿ ಅದರ ಬಾಲ ಮಾಯವಾಗಿ, ಸಾಮಾನ್ಯವಾಗಿ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಕುಂದಿ, ಚುಕ್ಕೆಯಷ್ಟೇ ಉಳಿಯುತ್ತದೆ. ಡಿ2 ತಡೆಯುವ ಔಷಧಗಳು ಈ ಸ್ಕ್ಯಾನ್ ಅನ್ನು ಅಷ್ಟಾಗಿ ಕೆಡಿಸುವುದಿಲ್ಲವಾದ್ದರಿಂದ ಅವನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಖಿನ್ನತೆಗೂ ಧೂಮಪಾನ ಬಿಡಿಸುವುದಕ್ಕೂ ಕೊಡುವ ಬುಪ್ರೊಪಿಯಾನ್, ಮತ್ತು ಆಂಫೆಟಮಿನ್ ಮಾದರಿಯ ಔಷಧಗಳು ಫಲಿತಾಂಶವನ್ನು ಬದಲಿಸಬಲ್ಲವು. ಅವನ್ನು ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು. ವಯಸ್ಸಾದ ರೋಗಿಯಲ್ಲಿ, ಔಷಧ ಕಡಿಮೆ ಮಾಡಿ ತಿಂಗಳುಗಳಾದರೂ ನಡುಕ ಇಳಿಯದಿದ್ದಾಗ ಈ ಪರೀಕ್ಷೆಯ ಬೆಲೆ ತಿಳಿಯುತ್ತದೆ.

ಈ ಔಷಧಗಳು ಮೆದುಳನ್ನು ಕುಗ್ಗಿಸುತ್ತವೆಯೇ?

ಅತಿ ಹೆಚ್ಚು ಭಯ ಹುಟ್ಟಿಸುವ ಪ್ರಶ್ನೆ ಇದು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವವರನ್ನು ನಂಬಬೇಕಾಗಿಲ್ಲ.

ಮೊದಲಿಗೆ, ಮೆದುಳಿನ ವ್ಯತ್ಯಾಸಗಳು ಔಷಧಕ್ಕಿಂತ ಹಳೆಯವು. ಆ್ಯಂಟಿಸೈಕೋಟಿಕ್‌ಗಳು ಹುಟ್ಟುವ ಮುನ್ನವೇ, 1927ರಲ್ಲಿ, ಮೆದುಳಿನ ಸುತ್ತ ಗಾಳಿ ತುಂಬಿಸಿ ತೆಗೆದ ಎಕ್ಸ್‌ರೇಗಳಲ್ಲಿ ಸ್ಕಿಜೋಫ್ರೀನಿಯಾ ಇದ್ದವರ ದ್ರವಕೋಶಗಳು ಅಗಲವಾಗಿದ್ದುದು ಕಂಡಿತ್ತು. 1976ರಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಸಿಟಿ ಸ್ಕ್ಯಾನ್‌ನಲ್ಲಿ ಅದನ್ನೇ ಕಂಡರು. ಔಷಧ ಮುಟ್ಟಿಯೇ ಇರದ, ಮೊದಲ ಬಾರಿ ಕಾಯಿಲೆಯಾದವರಲ್ಲೂ ಸರಾಸರಿಯಲ್ಲಿ ಸಣ್ಣ ವ್ಯತ್ಯಾಸಗಳಿವೆ.

ಆದರೆ ಔಷಧವನ್ನು ನಿರಪರಾಧಿ ಎನ್ನಲೂ ಆಗುವುದಿಲ್ಲ. ಅಯೋವಾದಲ್ಲಿ ನ್ಯಾನ್ಸಿ ಆಂಡ್ರಿಯಾಸನ್ ಅವರ ತಂಡ 211 ರೋಗಿಗಳನ್ನು ಹಲವು ವರ್ಷ ಎಂಆರ್‌ಐ ಮೂಲಕ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚು ಔಷಧ ಪಡೆದವರಲ್ಲಿ ಬೂದು ಭಾಗದ ಗಾತ್ರ ಹೆಚ್ಚು ಇಳಿದಿತ್ತು. ಇಲ್ಲಿ ಎದುರಾಗುವ ತೊಡಕು ಸ್ಪಷ್ಟ: ಕಾಯಿಲೆ ತೀವ್ರವಾಗಿರುವವರಿಗೇ ಹೆಚ್ಚು ಔಷಧ ಕೊಡುತ್ತಾರೆ, ಹಾಗಿದ್ದಾಗ ಕುಗ್ಗಿಸಿದ್ದು ಯಾವುದು? ಸಂಶೋಧಕರು ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅನುಮಾನ ಪೂರ್ತಿ ಕರಗುವುದಿಲ್ಲ. ಕಾಯಿಲೆಯೇ ಇಲ್ಲದ ಪ್ರಾಣಿಗಳು ಇಲ್ಲಿ ಸಾಕ್ಷಿ ಹೇಳುತ್ತವೆ. ಮಕಾಕ್ ಕೋತಿಗಳಿಗೆ ಹ್ಯಾಲೋಪೆರಿಡಾಲ್ ಅಥವಾ ಓಲಾಂಜಪಿನ್ ಅನ್ನು 17ರಿಂದ 27 ತಿಂಗಳು ಕೊಟ್ಟು, ರಕ್ತದಲ್ಲಿ ಮನುಷ್ಯರಲ್ಲಿರುವಷ್ಟೇ ಮಟ್ಟ ಇರುವಂತೆ ನೋಡಿಕೊಂಡಾಗ, ಅವುಗಳ ಮೆದುಳಿನ ತೂಕ ಮತ್ತು ಗಾತ್ರ ಶೇ 8ರಿಂದ 11ರಷ್ಟು ಕಡಿಮೆ ಇತ್ತು ಎಂದು 2005ರ ಅಧ್ಯಯನ ವರದಿ ಮಾಡಿತು. ಮುಂದಿನ ಪರೀಕ್ಷೆಯಲ್ಲಿ ಕಡಿಮೆಯಾಗಿ ಕಂಡದ್ದು ಮುಖ್ಯವಾಗಿ ಆಸರೆ ಕೊಡುವ ಗ್ಲಿಯಾ ಕೋಶಗಳು.

ಮನುಷ್ಯರಲ್ಲಿ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪು ಮಾಡಿ ಔಷಧ ಅಥವಾ ಪ್ಲಸೀಬೊ (ಔಷಧದಂತೆ ಕಾಣುವ ಆದರೆ ಔಷಧವಿಲ್ಲದ ಮಾತ್ರೆ) ಕೊಟ್ಟ ಅಧ್ಯಯನಗಳು ಕೆಲವೇ ಇವೆ. ಅವು ಚಿತ್ರವನ್ನು ಇನ್ನಷ್ಟು ಸಂಕೀರ್ಣಗೊಳಿಸಿವೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಜೊತೆಗೆ ಬಂದ ತೀವ್ರ ಖಿನ್ನತೆಯಿಂದ ಚೇತರಿಸಿಕೊಂಡವರನ್ನು 36 ವಾರ ಗಮನಿಸಲಾಯಿತು. ಓಲಾಂಜಪಿನ್ ಮುಂದುವರಿಸಿದವರಲ್ಲಿ ಹೊರಪದರ ತೆಳುವಾಯಿತು. ಪ್ಲಸೀಬೊ ಪಡೆದು ಕಾಯಿಲೆ ಮರುಕಳಿಸಿದವರಲ್ಲೂ ಅದು ತೆಳುವಾಯಿತು. ಮೆಲ್ಬರ್ನ್‌ನಲ್ಲಿ ಮೊದಲ ಬಾರಿ ಸೈಕೋಸಿಸ್ ಆದ 62 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಮೂರು ತಿಂಗಳ ಬಳಿಕ ಪ್ಯಾಲಿಡಮ್ ಎಂಬ ಭಾಗ ಇಳಿದದ್ದು ಪ್ಲಸೀಬೊ ಪಡೆದವರಲ್ಲಿ. ಔಷಧ ಪಡೆದವರಲ್ಲಿ ಹಾಗಾಗಲಿಲ್ಲ. ಎಂದರೆ ಔಷಧಕ್ಕೂ ಬೆಲೆಯಿದೆ, ಚಿಕಿತ್ಸೆಯಿಲ್ಲದ ಕಾಯಿಲೆಗೂ ಬೆಲೆಯಿದೆ, ಮೆದುಳಿನ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಅವಧಿಗೆ ಆ ಬೆಲೆ ಬೇರೆಯಾಗಿ ಕಾಣುತ್ತದೆ.

ಕುಗ್ಗಿದ್ದು ಎಂದರೆ ಕೋಶಗಳು ಸತ್ತವು ಎಂದೇ?

ಅಲ್ಲ. ಎಂಆರ್‌ಐ ಅಳೆಯುವುದು ಗಾತ್ರವನ್ನು, ಕೋಶಗಳ ಸಾವನ್ನಲ್ಲ. ನೀರಿನಂಶ, ರಕ್ತದ ಹರಿವು, ಕೋಶಗಳ ನಡುವಿನ ಎಳೆಗಳ ದಟ್ಟಣೆ ಇವೆಲ್ಲ ಗಾತ್ರವನ್ನು ಬದಲಿಸುತ್ತವೆ. ಆರೋಗ್ಯವಂತ ಸ್ವಯಂಸೇವಕರಿಗೆ ಹ್ಯಾಲೋಪೆರಿಡಾಲ್‌ನ ಒಂದೇ ಇಂಜೆಕ್ಷನ್ ಕೊಟ್ಟ 2010ರ ಅಧ್ಯಯನದಲ್ಲಿ ಸ್ಟ್ರಯೇಟಮ್‌ನ ಗಾತ್ರ ಒಂದೆರಡು ಗಂಟೆಗಳಲ್ಲೇ ಇಳಿದು, ಮರುದಿನದ ಹೊತ್ತಿಗೆ ಬಹುಮಟ್ಟಿಗೆ ಮೊದಲಿನಂತಾಯಿತು. ಅಷ್ಟು ವೇಗವಾಗಿ ಸತ್ತ ಕೋಶ ಮರಳಿ ಹುಟ್ಟುವುದಿಲ್ಲ. ಇಲಿಗಳಲ್ಲೂ ಔಷಧ ನಿಲ್ಲಿಸಿದ ಮೇಲೆ ಗಾತ್ರ ಚೇತರಿಸಿಕೊಂಡಿದೆ. ಇದಕ್ಕೆ ವಿರುದ್ಧವಾಗಿ, ಹಳೆಯ ಔಷಧಗಳನ್ನು ಪಡೆದವರಲ್ಲಿ ಕಾಡೇಟ್ ಎಂಬ ಭಾಗ ದೊಡ್ಡದಾಗುತ್ತದೆ ಎಂದು 1994ರಿಂದಲೂ ಗೊತ್ತಿದೆ. ಕ್ಲೋಜಪಿನ್‌ನಂಥ ಔಷಧಕ್ಕೆ ಬದಲಿಸಿದಾಗ ಅದು ಮತ್ತೆ ಇಳಿಯುತ್ತದೆ. ದೊಡ್ಡದಾದದ್ದನ್ನು ‘ಬೆಳವಣಿಗೆ’ ಎಂದು ಸಂಭ್ರಮಿಸದ ನಾವು ಸಣ್ಣದಾದದ್ದನ್ನು ‘ನಾಶ’ ಎಂದು ಘೋಷಿಸುವಾಗಲೂ ಅಷ್ಟೇ ಎಚ್ಚರ ವಹಿಸಬೇಕು.

ತೂಕ ಹೆಚ್ಚುವುದು ಮತ್ತು ಮಧುಮೇಹಕ್ಕೂ ಮೆದುಳಿನ ಸ್ಕ್ಯಾನ್‌ಗೂ ಸಂಬಂಧವಿದೆಯೇ?

ಚಿಕಿತ್ಸೆಯಲ್ಲಿ ಇಲ್ಲ. ಹಸಿವು ಏರುವುದರಲ್ಲಿ ಹಿಸ್ಟಮಿನ್ ಮತ್ತು ಸಿರೊಟೋನಿನ್ ಗ್ರಾಹಕಗಳ ತಡೆಗೆ ಪಾತ್ರವಿದೆ. ಓಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ನಿಜವಾಗಿ ಬೇಕಾದದ್ದು ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಮತ್ತು ಕೊಬ್ಬಿನಂಶದ ನಿಯಮಿತ ತಪಾಸಣೆ.

ವಯಸ್ಸಾದವರಿಗೆ ಈ ಸಂಶೋಧನೆ ಏನು ಹೇಳುತ್ತದೆ?

ಹರೆಯದವರಿಗೆ ಸರಿಹೊಂದಿದ ಪ್ರಮಾಣ ಅರವತ್ತು ದಾಟಿದವರಿಗೆ ಹೆಚ್ಚಾಗಬಹುದು. 50 ಮೀರಿದ, ಕಾಯಿಲೆ ಸ್ಥಿರವಾಗಿದ್ದ ರೋಗಿಗಳಲ್ಲಿ ಓಲಾಂಜಪಿನ್ ಅಥವಾ ರಿಸ್ಪೆರಿಡೋನ್ ಪ್ರಮಾಣವನ್ನು ಹಂತ ಹಂತವಾಗಿ ಶೇ 40ರವರೆಗೆ ಇಳಿಸಿ ಪೆಟ್ ಮಾಡಿದ 2015ರ ಅಧ್ಯಯನದಲ್ಲಿ, ಹರೆಯದವರಿಗೆ ಹೇಳುವ ಗಡಿಗಿಂತ ಕಡಿಮೆ ಭರ್ತಿಯಲ್ಲೇ ಚಲನೆಯ ತೊಂದರೆಗಳು ಕಂಡವು. ಕಡಿಮೆ ಭರ್ತಿಯಲ್ಲೇ ಕಾಯಿಲೆ ಹತೋಟಿಯಲ್ಲೂ ಇತ್ತು. ಇಪ್ಪತ್ತು ವರ್ಷಗಳಿಂದ ಅದೇ ಚೀಟಿ, ಅದೇ ಮಿಲಿಗ್ರಾಂ ಮುಂದುವರಿಯುತ್ತಿದ್ದರೆ, ಅದನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ವೈದ್ಯರನ್ನು ಕೇಳಲು ಇದು ಸಕಾರಣ.

ವರದಿಯಲ್ಲಿ ‘ಮೆದುಳಿನಲ್ಲಿ ಅಲ್ಪ ಪ್ರಮಾಣದ ಕುಗ್ಗುವಿಕೆ’ ಎಂದು ಬರೆದಿದ್ದಾರೆ. ಔಷಧ ನಿಲ್ಲಿಸಬೇಕೇ?

ಆ ಒಂದು ಸಾಲಿನ ಆಧಾರದ ಮೇಲೆ ಎಂದಿಗೂ ನಿಲ್ಲಿಸಬಾರದು. ವಯಸ್ಸು, ಮದ್ಯ, ಧೂಮಪಾನ, ರಕ್ತದೊತ್ತಡ, ತೂಕ, ಸ್ಕ್ಯಾನ್ ದಿನದ ನೀರಿನಂಶ ಇವೆಲ್ಲ ಅಂಥ ಸಾಲಿಗೆ ಕಾರಣವಾಗಬಲ್ಲವು, ಮತ್ತು ಒಂದೇ ಸ್ಕ್ಯಾನ್‌ನಿಂದ ಕಾರಣವನ್ನು ಬಿಡಿಸಿ ಹೇಳಲು ಆಗುವುದಿಲ್ಲ. ನಿಲ್ಲಿಸುವುದರ ಅಪಾಯ ಮಾತ್ರ ಸ್ಪಷ್ಟವಾಗಿ ಅಳೆದದ್ದು. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದು ವರ್ಷದ ಆಸುಪಾಸಿನಲ್ಲಿ ಔಷಧ ಮುಂದುವರಿಸಿದವರಲ್ಲಿ ಶೇ 27 ಮಂದಿಗೆ ಕಾಯಿಲೆ ಮರುಕಳಿಸಿದರೆ, ಪ್ಲಸೀಬೊಗೆ ಬದಲಾದವರಲ್ಲಿ ಅದು ಶೇ 64 ಇತ್ತು. ಫಿನ್ಲೆಂಡ್‌ನ ಇಪ್ಪತ್ತು ವರ್ಷಗಳ ದಾಖಲೆಗಳಲ್ಲಿ ಔಷಧ ಪಡೆಯದ ಅವಧಿಗೆ ಹೋಲಿಸಿದರೆ ಪಡೆಯುತ್ತಿದ್ದ ಅವಧಿಯಲ್ಲಿ, ಅದರಲ್ಲೂ ಕ್ಲೋಜಪಿನ್ ಪಡೆಯುತ್ತಿದ್ದಾಗ, ಸಾವಿನ ಪ್ರಮಾಣ ಕಡಿಮೆ ಇತ್ತು. ಪ್ರಮಾಣ ಇಳಿಸಬೇಕೆನಿಸಿದರೆ ವೈದ್ಯರೊಂದಿಗೆ ಕೂತು, ನಿಧಾನವಾಗಿ, ಮನೆಯವರ ಗಮನದಲ್ಲಿ ಇಳಿಸುವ ದಾರಿ ಇದ್ದೇ ಇದೆ. ಕ್ಲೋಜಪಿನ್ ಅನ್ನಂತೂ ಏಕಾಏಕಿ ಬಿಟ್ಟರೆ ಲಕ್ಷಣಗಳು ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು.

ಧೂಮಪಾನದ ಬಗ್ಗೆ ಒಂದು ಮಾತು ಇಲ್ಲಿ ಅಗತ್ಯ. ತಂಬಾಕಿನ ಹೊಗೆ ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕ್ಲೋಜಪಿನ್ ಮತ್ತು ಓಲಾಂಜಪಿನ್ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತದೆ. ಸಿಗರೇಟು ಬಿಟ್ಟವರಲ್ಲಿ ಅದೇ ಮಾತ್ರೆಯ ಮಟ್ಟ ಏರಿ ಹೊಸದಾಗಿ ಅಡ್ಡ ಪರಿಣಾಮ ಕಾಣಿಸಿಕೊಳ್ಳಬಹುದು. ಇದನ್ನು ಹಿಡಿಯಲು ಬೇಕಾದದ್ದು ರಕ್ತ ಪರೀಕ್ಷೆ ಮಾತ್ರ.

ಹಾಗಾದರೆ ವೈದ್ಯರು ಸ್ಕ್ಯಾನ್ ಬರೆದುಕೊಡುವುದು ಯಾವಾಗ?

ಮೊದಲ ಬಾರಿ ಸೈಕೋಸಿಸ್ ಆದಾಗ ಗಡ್ಡೆ, ಸೋಂಕು, ಪೆಟ್ಟು ಮುಂತಾದ ಬೇರೆ ಕಾರಣಗಳನ್ನು ಬದಿಗಿಡಲು, ಒಂದೇ ಬದಿಯ ದೌರ್ಬಲ್ಯ, ಮೂರ್ಛೆ, ಹಠಾತ್ ಮರೆವು ಕಂಡಾಗ, ಪಾರ್ಕಿನ್‌ಸನ್ ಅನುಮಾನವಿದ್ದಾಗ. ಜ್ವರ, ಅತಿಯಾದ ಬಿಗಿತ, ಗೊಂದಲ ಒಟ್ಟಿಗೆ ಬಂದರೆ ಅದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಎಂಬ ಪ್ರಾಣಾಪಾಯದ ಸ್ಥಿತಿ ಆಗಿರಬಹುದು. ಅದನ್ನು ದೇಹ ಪರೀಕ್ಷೆ ಮತ್ತು ರಕ್ತ ಪರೀಕ್ಷೆಯಿಂದ ಗುರುತಿಸುತ್ತಾರೆ. ಸ್ಕ್ಯಾನ್‌ಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಡಪಡಿಕೆ ಇರುವವರು ಯಂತ್ರದೊಳಗೆ ಅಷ್ಟು ಹೊತ್ತು ಮಲಗುವುದು ಹೇಗೆ?

ಕಷ್ಟವೇ. ಅಕಥೀಸಿಯಾ, ಅಂದರೆ ಔಷಧದಿಂದ ಬರುವ ಈ ಚಡಪಡಿಕೆ ಇರುವವರ ಸ್ಥಿತಿಯನ್ನು ಊಹಿಸಿಕೊಳ್ಳಿ. ತಲೆಯ ಎರಡೂ ಬದಿಗೆ ಸ್ಪಂಜಿನ ದಿಂಬು ಸಿಕ್ಕಿಸಿದ್ದಾರೆ, ಮುಖದ ಮೇಲೆ ಪಂಜರದಂಥ ಚೌಕಟ್ಟಿದೆ, ಕೈಯಲ್ಲಿ ತುರ್ತು ಗುಂಡಿ ಇದೆ, ಕಿವಿಗೆ ಬಡಿಯುವ ಸದ್ದು ನಿಂತು ನಿಂತು ಮತ್ತೆ ಶುರುವಾಗುತ್ತದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಪಾದಗಳು ಒಂದರ ಮೇಲೊಂದು ಉಜ್ಜತೊಡಗುತ್ತವೆ, ಮೊಣಕಾಲು ತಾನಾಗಿ ಮಡಚುತ್ತದೆ, ಅದರ ಸೆಳೆತಕ್ಕೆ ತಲೆ ಕೂದಲೆಳೆಯಷ್ಟು ಜರುಗುತ್ತದೆ. ಆ ಸಣ್ಣ ಅಲುಗಾಟವೇ ಚಿತ್ರದಲ್ಲಿ ಬೂದು ಭಾಗ ಇರುವುದಕ್ಕಿಂತ ತೆಳುವಾಗಿ ಕಾಣುವಂತೆ ಮಾಡುತ್ತದೆ. ಅಡ್ಡ ಪರಿಣಾಮ ಹೆಚ್ಚಿರುವವರ ಮೆದುಳು ಹೆಚ್ಚು ಕುಗ್ಗಿದೆ ಎಂದು ಹೇಳುವ ಯಾವುದೇ ಅಧ್ಯಯನವನ್ನು ಓದುವಾಗ, ಅಲುಗಾಟವನ್ನು ಹೇಗೆ ಲೆಕ್ಕ ಹಾಕಿದ್ದಾರೆ ಎಂದು ಮೊದಲು ನೋಡಬೇಕಾಗಿರುವುದು ಇದಕ್ಕಾಗಿ. ರೋಗಿಗಳು ಮುಂಚೆಯೇ ತಮ್ಮ ಚಡಪಡಿಕೆಯ ವಿಷಯ ತಿಳಿಸಿದರೆ ಸ್ಕ್ಯಾನ್ ಅನ್ನು ತುಂಡು ತುಂಡಾಗಿ ಮಾಡುವುದು, ನಡುವೆ ಎದ್ದು ಓಡಾಡಲು ಬಿಡುವುದು ಸಾಧ್ಯ.

ಸಂಶೋಧನೆಗಾಗಿ ಪೆಟ್ ಸ್ಕ್ಯಾನ್‌ಗೆ ಒಪ್ಪಬಹುದೇ? ವಿಕಿರಣದ ಭಯವಿಲ್ಲವೇ?

ಸಂಶೋಧನಾ ಪೆಟ್‌ನ ವಿಕಿರಣ ಸಾಮಾನ್ಯವಾಗಿ ಕೆಲವು ಮಿಲಿಸೀವರ್ಟ್‌ಗಳಷ್ಟು. ಪ್ರಕೃತಿಯಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್ ತಗಲುತ್ತದೆ. ಗರ್ಭಿಣಿಯರನ್ನು ಇಂಥ ಅಧ್ಯಯನಕ್ಕೆ ಸೇರಿಸುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಒಟ್ಟು ಎಷ್ಟು ಸ್ಕ್ಯಾನ್, ಎಷ್ಟು ವಿಕಿರಣ, ಅದಕ್ಕಾಗಿ ಔಷಧವನ್ನು ನಿಲ್ಲಿಸಬೇಕೇ ಅಥವಾ ಬದಲಿಸಬೇಕೇ, ಆ ಅವಧಿಯಲ್ಲಿ ಕಾಯಿಲೆ ಉಲ್ಬಣಿಸಿದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಭಾಗವಹಿಸುವ ವ್ಯಕ್ತಿಗೆ ಅದರಿಂದ ನೇರ ಲಾಭ ಇರುವುದು ಅಪರೂಪ, ಮತ್ತು ಯಾವ ಹಂತದಲ್ಲಾದರೂ ಕಾರಣ ಕೊಡದೆ ಹಿಂದೆ ಸರಿಯುವ ಹಕ್ಕು ಅವರಿಗಿದೆ. ಹಾಗೆ ಸರಿದರೂ ಅವರ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ.